ಗುರ್‌ದಿತ್ತಾ ಮಲ್ಲರ ಎಡಗಣ್ಣು

ಭಾರತ ಮತ್ತು ಪಾಕಿಸ್ತಾನಗಳ ನಡುವೆ ಮುಂದಿನ ಆರು ತಿಂಗಳು ಏನಾಗಲಿದೆ ಎಂಬುದು ದೆಹಲಿಗೆ ಗೊತ್ತಾಗುವ ಮೊದಲು, ಇಸ್ಲಾಮಾಬಾದಿಗೆ ಗೊತ್ತಾಗುವುದಕ್ಕೂ ಮೊದಲು, ಪಂಜಾಬಿನ ಗಡಿಯಂಚಿನ ನಮ್ಮೂರು ಚಕ್ ಮೆಹ್ರಾದ ಮಿಠಾಯಿ ಅಂಗಡಿಯ ಲಾಲಾ ಗುರ್‌ದಿತ್ತಾ ಮಲ್ಲರ ಕಣ್ಣಿಗೆ ಗೊತ್ತಾಗುತ್ತಿತ್ತು. ಗಡಿಯಾಚೆಯಿಂದ ಬಂದ ಬರ್ಫಿಯ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು ಲಾಲಾ ಬಲಗಣ್ಣು ಮುಚ್ಚಿದರೆ ಶಾಂತಿ. ಎಡಗಣ್ಣು ಮುಚ್ಚಿದರೆ ಮನೆಯಲ್ಲಿ ಹಿಟ್ಟು, ಬೇಳೆ, ಬೆಂಕಿಪೆಟ್ಟಿಗೆ ತುಂಬಿಸಿಟ್ಟುಕೊಳ್ಳುವುದು ಒಳ್ಳೆಯದು.

ಇದು ತಮಾಷೆಯ ಮಾತಲ್ಲ. ನಮ್ಮೂರ ಬಚಿತ್ತರ್ ಸಿಂಗನಿಗೆ ತಂತಿಬೇಲಿಯ ಆಚೆ, ಗಡಿಗೆರೆಯ ಈಚೆ ಐದು ಎಕರೆ ಹೊಲವಿದೆ. ಬೆಳಿಗ್ಗೆ ಗಡಿಪಡೆಯವರು ಬೇಲಿಯ ಬಾಗಿಲು ತೆಗೆದ ಮೇಲೆ ಹೋಗಿ ಉಳಬೇಕು, ಸಂಜೆ ಅವರು ಮುಚ್ಚುವುದರೊಳಗೆ ವಾಪಸು ಬರಬೇಕು. ಜಗಳ ಜೋರಾದರೆ ಬಾಗಿಲು ತೆರೆಯುವುದೇ ಇಲ್ಲ, ಪೈರು ನಿಂತಲ್ಲೇ ಒಣಗುತ್ತದೆ. ಆ ಹೊಲಕ್ಕೆ ಗೋಧಿ ಬಿತ್ತುವುದೋ ಬೇಡವೋ ಎಂದು ಬಚಿತ್ತರ್ ಸಿಂಗ್ ಯಾವ ಇಲಾಖೆಯನ್ನೂ ಕೇಳಿದವನಲ್ಲ. ಲಾಲಾರ ರೆಪ್ಪೆಯನ್ನು ಕೇಳುತ್ತಿದ್ದ. ಒಮ್ಮೆ ಎಡಗಣ್ಣು ಅರ್ಧ ಮುಚ್ಚಿ ತೆರೆದದ್ದಕ್ಕೆ ಊರಿನಲ್ಲಿ ಎರಡು ಮದುವೆ ಮುಂದೆ ಹೋದವು. ಅಮೃತಸರದ ಒಬ್ಬ ನಿವೃತ್ತ ಪ್ರೊಫೆಸರರು ಬಂದು ಮೂರು ದಿನ ಅಂಗಡಿಯ ಬೆಂಚಿನ ಮೇಲೆ ಕೂತು, ಉಪಖಂಡದ ಭದ್ರತೆಯಲ್ಲಿ ಕಣ್ಣರೆಪ್ಪೆಯ ಪಾತ್ರವನ್ನು ಕುರಿತು ಇಪ್ಪತ್ತು ಪುಟ ಬರೆದುಕೊಂಡು ಹೋದರು. ಹೋಗುವಾಗ ಅರ್ಧ ಕಿಲೋ ಜಿಲೇಬಿಯನ್ನೂ ಕಟ್ಟಿಸಿಕೊಂಡರು. ಪ್ರಬಂಧದಲ್ಲಿ ಜಿಲೇಬಿಯ ಪ್ರಸ್ತಾಪವಿಲ್ಲ.

ಲಾಲಾ ಮಾತ್ರ ಯಾವುದನ್ನೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕೆನ್ನೆಯೊಳಗೆ ಸದಾ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದರಿಂದ ಹೆಚ್ಚು ಮಾತಾಡುವುದು ಅವರಿಗೆ ಆಗುತ್ತಲೂ ಇರಲಿಲ್ಲ. ಅದು ನಾಲಿಗೆಯನ್ನು ಶುದ್ಧವಾಗಿಡಲು ಅವರು ಹಿಡಿದ ಕಠಿಣ ವ್ರತವೆಂದು ಊರು ನಂಬಿತ್ತು. ಮಹಾಪುರುಷರು ಬಾಯಿ ಮುಚ್ಚಿಕೊಂಡಿದ್ದರೆ ಉಳಿದ ಕೆಲಸವನ್ನು ಊರೇ ಮಾಡಿಕೊಳ್ಳುತ್ತದೆ.

ಸಂಜೆ ಹೊತ್ತು ನಮ್ಮೂರ ಗಡಿ ಗೇಟಿನಲ್ಲಿ ಎರಡೂ ಕಡೆಯ ಆರಡಿ ಜವಾನರು ಎದುರು ಬದುರು ನಿಂತು, ಹಣೆಮಟ್ಟಕ್ಕೆ ಕಾಲೆತ್ತಿ ನೆಲಕ್ಕೆ ಅಪ್ಪಳಿಸಿ, ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡುತ್ತಾರಲ್ಲ, ಅದೇ ಜಾಗದಲ್ಲಿ ಈದ್‌ಗೆ, ದೀಪಾವಳಿಗೆ, ಆಗಸ್ಟಿನಲ್ಲಿ ಒಂದರ ಹಿಂದೊಂದು ಬರುವ ಎರಡು ಸ್ವಾತಂತ್ರ್ಯ ದಿನಗಳಿಗೆ, ಬೆಳಿಗ್ಗೆ ಅಧಿಕಾರಿಗಳು ಬಿಳಿಗೆರೆಯ ಮೇಲೆ ಮಿಠಾಯಿ ಡಬ್ಬ ಬದಲಾಯಿಸಿಕೊಳ್ಳುತ್ತಾರೆ. ಇದನ್ನು ಸುಲಭದ ಕೆಲಸ ಎಂದುಕೊಳ್ಳಬೇಡಿ. ಮೊದಲು ನಾವು ಕೈ ಚಾಚಿದರೆ ನಾವು ಬಗ್ಗಿದ ಹಾಗೆ. ಮೊದಲು ಅವರು ಚಾಚಿದರೆ ಅದರಲ್ಲೇನೋ ಕುತಂತ್ರವಿದ್ದ ಹಾಗೆ. ಆದ್ದರಿಂದ ಇಬ್ಬರೂ ಒಂದೇ ಗಳಿಗೆಗೆ ಕೈ ಚಾಚುವುದನ್ನು ಹಿಂದಿನ ದಿನವೇ ತಾಲೀಮು ಮಾಡಿಕೊಳ್ಳುತ್ತಾರೆ. ನಾವು ಐದು ಡಬ್ಬ ಕೊಟ್ಟರೆ ಅವರೂ ಐದು. ನಾವು ಬರ್ಫಿ ಕೊಟ್ಟರೆ ಅವರೂ ಬರ್ಫಿ. ಡಬ್ಬದ ತೂಕ ಒಂದು ಕಿಲೋ, ಅದಕ್ಕಿಂತ ಒಂದು ತುಂಡೂ ಹೆಚ್ಚಿರಬಾರದು. ಧಾರಾಳತನವನ್ನು ಶತ್ರು ದೌರ್ಬಲ್ಯವೆಂದು ತಿಳಿದುಬಿಟ್ಟರೆ ಕಷ್ಟ.

ಹದಿನೆಂಟು ವರ್ಷ ನಮ್ಮ ಕಡೆಯ ಐದು ಡಬ್ಬಗಳೂ ಲಾಲಾರ ಬಾಣಲೆಯಿಂದಲೇ ಹೋಗುತ್ತಿದ್ದವು. ಆ ಕಡೆಯಿಂದ ಬಂದ ಐದರಲ್ಲಿ ಒಂದನ್ನು ಗಡಿಪಡೆಯ ಕಮಾಂಡೆಂಟ್ ಸಾಹೇಬರು ಲಾಲಾರ ಅಂಗಡಿಗೆ ಕಳಿಸುವುದು ರೂಢಿ. ಊರೆಲ್ಲ ನೆರೆದು ರೆಪ್ಪೆ ನೋಡುತ್ತಿದ್ದದ್ದು ಆಗಲೇ.

ಊರು ರೆಪ್ಪೆ ನೋಡುತ್ತಿದ್ದಾಗ ಲಾಲಾ ನೋಡುತ್ತಿದ್ದದ್ದು ಬೇರೆ. ಬರ್ಫಿಯನ್ನು ತಟ್ಟೆಯಲ್ಲಿ ಹರಡಿ, ಮೊದಲು ನೆಟ್ಟಗೆ ಗೆರೆ ಎಳೆದು, ಆಮೇಲೆ ಓರೆಯಾಗಿ ಕತ್ತರಿಸುತ್ತಾರೆ. ಬಲಗೈಯವನು ಕತ್ತರಿಸಿದ ತುಂಡು ಒಂದು ಕಡೆಗೆ ವಾಲಿರುತ್ತದೆ. ಗಡಿಯಾಚೆಯ ತುಂಡುಗಳು ಇನ್ನೊಂದು ಕಡೆಗೆ ವಾಲಿರುತ್ತಿದ್ದವು. ಮೊದಲ ವರ್ಷವೇ ಲಾಲಾ ಹೆಂಡತಿ ತೃಪ್ತಾಗೆ ಹೇಳಿದ್ದರು: "ಆ ಕಡೆಯವನು ಎಡಚ ಕಣೇ."

ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಎಡಚ ಮಿಯಾ ಎಂದೇ ಅಂಗಡಿಯಲ್ಲಿ ಅವನ ನಾಮಕರಣವಾಯಿತು. ಎಡಚ ಮಿಯಾನ ಖೋವಾ ಸಣ್ಣ ರವೆಯ ಹಾಗೆ ಹರಳು ಹರಳಾಗಿರುತ್ತಿತ್ತು. ಹಾಲು ಕುದಿದು ಕುದಿದು ಮುದ್ದೆಯಾಗುವ ಮುಂಚೆ ಒಂದು ಗಳಿಗೆಯಲ್ಲಿ ನಾಲ್ಕು ಹನಿ ಹುಳಿ ಬೀಳಬೇಕು. ಮುಂಚೆ ಬಿದ್ದರೆ ಹಾಲು ಒಡೆಯುತ್ತದೆ, ತಡವಾದರೆ ಹರಳಾಗುವುದಿಲ್ಲ. ಆ ಗಳಿಗೆ ಗಡಿಯಾರದಲ್ಲಿಲ್ಲ, ನಲವತ್ತು ವರ್ಷ ಹೊಗೆ ಕುಡಿದವನ ಮೂಗಿನಲ್ಲಿದೆ.

ಒಂದು ದೀಪಾವಳಿಗೆ ಲಾಲಾ ಉತ್ಸಾಹದಲ್ಲಿ ಗುಲಾಬಿ ನೀರನ್ನು ಸ್ವಲ್ಪ ಧಾರಾಳವಾಗಿ ಸುರಿದರು. ಮುಂದಿನ ಈದ್‌ಗೆ ಆಚೆಯಿಂದ ಬಂದ ಬರ್ಫಿಯಲ್ಲಿ ಏಲಕ್ಕಿಯಿಲ್ಲ, ಪಿಸ್ತಾ ಇಲ್ಲ, ಏನೂ ಇಲ್ಲ. ಬರೀ ಹಾಲು, ಸಕ್ಕರೆ.

"ಬೈದಿದ್ದಾನೆ," ಎಂದರು ಲಾಲಾ, ನಾಚಿಕೊಂಡು. "ಹಾಲನ್ನ ಹಾಲಾಗಿರೋಕೆ ಬಿಡೋ ಮೂರ್ಖ ಅಂತಿದ್ದಾನೆ."

"ಅಂವ ನಿನ್ನ ಮಿಠಾಯಿ ತಿಂದೇ ಇರಲ್ಲ ಕಣಯ್ಯಾ ಲಾಲಾ," ಎಂದ ಬಚಿತ್ತರ್ ಸಿಂಗ್. "ಅಲ್ಲಿನ ಮೇಜರ್ ತಿಂದು ಡಬ್ಬದಲ್ಲಿ ಗುಂಡುಸೂಜಿ ಇಟ್ಕೊಂಡಿರ್ತಾನೆ."

ಆದರೆ ಅಂದಿನಿಂದ ಗುಲಾಬಿ ನೀರಿನ ಸೀಸೆ ಮೇಲಿನ ಅಟ್ಟಕ್ಕೆ ಹೋಯಿತು. ಎರಡು ದೇಶಗಳ ನಡುವೆ ಒಂದು ಟೀಕೆ ಹೋಗಿ, ತಲುಪಿ, ಒಪ್ಪಿಗೆಯಾಗಿ, ಜಾರಿಗೆ ಬಂದದ್ದು ಬಹುಶಃ ಅದೊಂದೇ.

ಹೀಗೆ ಹದಿನೆಂಟು ವರ್ಷ ನಡೆದ ಮೇಲೆ ಒಂದು ಈದ್‌ಗೆ ಆಚೆಯಿಂದ ಬಂದ ಬರ್ಫಿ ಸೀದು ಹೋಗಿತ್ತು. ಲಾಲಾ ತುಂಡನ್ನು ಬಾಯಿಗಿಟ್ಟು ಎಡಗಣ್ಣನ್ನು ಬಿಗಿಯಾಗಿ ಮುಚ್ಚಿದರು. ಊರು ಹಾಹಾಕಾರ ಮಾಡಿತು. ಇತ್ತ ಕಮಾಂಡೆಂಟ್ ಸಾಹೇಬರೂ ಒಂದು ತುಂಡು ತಿಂದಿದ್ದರು. ಅವರು ಆ ದಿನದ ವರದಿಯಲ್ಲಿ, 'ಬರ್ಫಿ ಸ್ವಲ್ಪ ಸೀದಿತ್ತು' ಎಂದು ಬರೆದರು. ಅದು ಮೇಲಿನ ಕಚೇರಿಗೆ ಹೋದಾಗ 'ಸಿಹಿಯಲ್ಲಿ ಕಹಿ ಕಂಡುಬಂದಿದೆ' ಎಂದಾಯಿತು. ಅದಕ್ಕೂ ಮೇಲೆ ಹೋದಾಗ 'ಆ ಕಡೆಯಿಂದ ಉದ್ದೇಶಪೂರ್ವಕ ಕಹಿ ಸಂದೇಶ' ಎಂದಾಯಿತು. ಹನ್ನೊಂದನೆಯ ದಿನ ಎರಡೂ ರಾಜಧಾನಿಗಳು ತಂತಮ್ಮ ರಾಯಭಾರಿಗಳನ್ನು ವಾಪಸು ಕರೆಸಿಕೊಂಡವು. ಬರ್ಫಿಯಿಂದಲೇ ಹೀಗಾಯಿತೆಂದು ಯಾರೂ ಹೇಳುವುದಿಲ್ಲ. ಆ ಹೊತ್ತಿಗೆ ಜಗಳಕ್ಕೆ ಬೇರೆ ಕಾರಣಗಳೂ ಧಾರಾಳವಾಗಿದ್ದವು. ಜಗಳಕ್ಕೆ ಕಾರಣದ ಬರವನ್ನು ನಮ್ಮೂರು ಎಂದೂ ಕಂಡಿಲ್ಲ. ವೀಸಾ ನಿಂತಿತು, ಬಸ್ಸು ನಿಂತಿತು, ರೈಲು ನಿಂತಿತು, ಒಣದ್ರಾಕ್ಷಿಯ ಲಾರಿಗಳು ನಿಂತವು. ಮಿಠಾಯಿಯೂ ನಿಂತಿತು. ನಿಲ್ಲದೆ ನಡೆದದ್ದೆಂದರೆ ಸಂಜೆಯ ಕಾಲಪ್ಪಳಿಸುವಿಕೆ ಒಂದೇ.

ಊರಿನವರು ಲಾಲಾರ ಎಡಗಣ್ಣಿಗೆ ಇನ್ನಷ್ಟು ಹೆದರಿದರು. ಲಾಲಾಗೆ ಬೇರೆಯೇ ಹೆದರಿಕೆ ಹಿಡಿದಿತ್ತು. ಆ ಈದ್‌ನ ಮರುದಿನ ಬೆಳಿಗ್ಗೆಯೇ ಬಾಣಲೆಯ ಮುಂದೆ ಕೂತು ತೃಪ್ತಾಗೆ ಆ ಡಬ್ಬದ ಒಂದು ತುಂಡನ್ನು ತೋರಿಸಿದ್ದರು.

"ನೋಡು ಇದು. ಬಲಗೈಲಿ ಕತ್ತರಿಸಿರೋದು. ಖೋವಾ ತಳ ಹಿಡಿದಿದೆ, ಹರಳಿಲ್ಲ. ಇದು ಅವನ ಕೈಯಲ್ಲ."

"ಮತ್ತೆ ಯಾರ ಕೈ?"

"ಯಾರದೋ. ಅವನಿಗೆ ಹುಷಾರಿಲ್ಲ. ಇಲ್ಲಾಂದ್ರೆ..." ಎಂದು ಲಾಲಾ ತುಂಡನ್ನು ಕಾಗದದಲ್ಲಿ ಸುತ್ತಿಟ್ಟರು.

ಅಲ್ಲಿಂದ ನಾಲ್ಕು ವರ್ಷ. ಎಡಚ ಮಿಯಾ ಬದುಕಿದ್ದಾನೋ ಇಲ್ಲವೋ ಎಂಬುದನ್ನು ತಿಳಿಯಲು ಲಾಲಾಗೆ ಇದ್ದದ್ದು ಒಂದೇ ದಾರಿ, ಆ ಕಡೆಯ ಬರ್ಫಿಯ ಒಂದು ತುಂಡು. ಗಡಿಯಾಚೆಯ ಬಾವಿಯ ರಾಟೆ ಕಿರುಗುಟ್ಟಿದರೆ ನಮ್ಮೂರಿಗೆ ಕೇಳಿಸುತ್ತದೆ, ಅವರ ಮಸೀದಿಯ ಬಾಂಗು ನಮಗೂ ಗಡಿಯಾರ. ಆದರೆ ಹೆಸರು ಗೊತ್ತಿಲ್ಲದ ಒಬ್ಬ ಮಿಠಾಯಿಯವನ ಯೋಗಕ್ಷೇಮ ಕೇಳಬೇಕೆಂದರೆ ಎರಡು ಸರ್ಕಾರಗಳ ಒಪ್ಪಿಗೆ ಬೇಕು. ಹಬ್ಬ ಬಂದಾಗಲೆಲ್ಲ ಲಾಲಾ ಗೇಟಿನ ತನಕ ನಡೆದು ಹೋಗಿ, "ಈ ಸಲ ಇದೆಯಾ ಸಾಹೇಬ್ರೇ?" ಎಂದು ಕೇಳುವುದು, "ಇಲ್ಲ ಲಾಲಾಜಿ" ಎಂದು ಕೇಳಿಸಿಕೊಂಡು ವಾಪಸಾಗುವುದು. ಊರಿನವರು ಅದನ್ನು ದೇಶಚಿಂತನೆ ಎಂದುಕೊಂಡರು.

"ಅಲ್ಲಿ ಯಾವನೋ ಇದ್ದಾನೋ ಹೋದ್ನೋ ಅಂತ ನಾಲ್ಕು ವರ್ಷದಿಂದ ಒದ್ದಾಡ್ತಿದೀರಿ," ಎಂದರು ತೃಪ್ತಾ ಒಂದು ದಿನ. "ನನಗೆ ಟೈಫಾಯ್ಡ್ ಆದಾಗ ಇದರಲ್ಲಿ ಕಾಲು ಭಾಗ ಒದ್ದಾಡಿದ್ರಾ ಜೀ?"

"ನೀನು ಕಣ್ಮುಂದೆ ಇದ್ಯಲ್ಲ. ಮಲಗಿದ್ದಲ್ಲಿಂದಲೇ ಬೈತಾನೂ ಇದ್ದೆ. ಬೈಯ್ತಿರೋರಿಗೆ ಏನೂ ಆಗಲ್ಲ ಅಂತ ಧೈರ್ಯ ನನಗೆ."

ಐದನೆಯ ವರ್ಷದ ದೀಪಾವಳಿಗೆ ಹತ್ತು ದಿನ ಇದೆ ಎನ್ನುವಾಗ ದೆಹಲಿಯಿಂದ ಮಾಥುರ್ ಸಾಹೇಬರು ಬಂದಿಳಿದರು. ಎರಡು ಸರ್ಕಾರಗಳೂ ಯಾವುದೋ ಮೂರನೆಯ ದೇಶದ ಹೋಟೆಲಿನಲ್ಲಿ ಆರು ಸಲ ಗುಟ್ಟಾಗಿ ಕೂತು, ಕೊನೆಗೆ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದವಂತೆ: ಮಿಠಾಯಿ ಕೊಡಬಹುದು. ಅದರ ಉಸ್ತುವಾರಿಗೆ ಮಾಥುರರು. ತೆಳ್ಳನೆಯ ಮನುಷ್ಯ, ದಪ್ಪನೆಯ ಫೈಲು. ಅವರ ಹಿಂದೆ ಕಮಾಂಡೆಂಟರ ಜೀಪಿನಲ್ಲಿ ಒಂದು ರಟ್ಟಿನ ಡಬ್ಬವೂ ಬಂದಿತ್ತು. ಅದನ್ನು ತೆರೆದು ಲಾಲಾರ ಕಟ್ಟೆಯ ಮೇಲಿಟ್ಟರು. ಒಳಗೆ ಬಂಗಾರದ ಕಾಗದ ಸುತ್ತಿದ ಚಾಕೊಲೇಟುಗಳು.

"ಈ ಸಲ ಇದನ್ನೇ ಕೊಡೋಣ ಅಂತ ಲಾಲಾಜಿ," ಎಂದರು ಮಾಥುರರು. "ನೀವು ಬೇಜಾರು ಮಾಡ್ಕೋಬೇಡಿ. ಕಾರ್ಖಾನೆಯಲ್ಲಿ ಮಾಡಿದ್ದು, ಮೊಹರು ಹಾಕಿದ್ದು. ಸೀದೋಯ್ತು, ಕಹಿಯಾಯ್ತು ಅನ್ನೋ ಪ್ರಶ್ನೇನೇ ಬರಲ್ಲ. ಹೋದ ಸಲ ಏನಾಯ್ತು ನೋಡಿದ್ರಲ್ಲ?"

ಲಾಲಾರ ಮುಖ ಬಿಳಿಚಿಕೊಂಡಿತು. ಕೆನ್ನೆಯ ಲವಂಗವನ್ನು ಈ ಕಡೆಯಿಂದ ಆ ಕಡೆಗೆ ಸರಿಸಿ ಕೇಳಿದರು: "ನಾವು ಚಾಕೊಲೇಟ್ ಕೊಟ್ರೆ ಅವರು ಏನು ಕೊಡ್ತಾರೆ ಸಾಹೇಬ್ರೇ?"

"ಅವರೂ ಚಾಕೊಲೇಟೇ. ಸಮಕ್ಕೆ ಸಮ."

"ಅವರದ್ದೂ ಕಾರ್ಖಾನೇದೇ?"

"ಮತ್ತೆ?"

ನಾಲ್ಕು ವರ್ಷ ಕಾದದ್ದು ಬಂಗಾರದ ಕಾಗದದ ಪಾಲಾಗುವುದರಲ್ಲಿತ್ತು. ಬಚಿತ್ತರ್ ಸಿಂಗ್ ಏನೋ ಹೇಳಲು ಬಾಯಿ ತೆರೆದ. ತೃಪ್ತಾ ಅವನನ್ನು ಒಂದು ಸಲ ನೋಡಿದ್ದಕ್ಕೆ ಮುಚ್ಚಿದ. ಆಮೇಲೆ ಲಾಲಾ, ಮೂವತ್ತು ವರ್ಷ ಅಧಿಕಾರಿಗಳಿಗೆ ಲಸ್ಸಿ ಕುಡಿಸಿದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಬಹಳ ವಿನಯದಿಂದ ಕೈಮುಗಿದರು.

"ಒಳ್ಳೇ ಯೋಚನೆ ಸಾಹೇಬ್ರೇ. ಇಷ್ಟು ವರ್ಷದಲ್ಲಿ ಯಾರಿಗೂ ಹೊಳೀಲಿಲ್ಲ. ಇದಕ್ಕೆ ಮುಂಚೆ ಎಲ್ಲೂ ಚಾಕೊಲೇಟ್ ಕೊಟ್ಟಿಲ್ಲ ಅಲ್ವಾ?"

"ಇಲ್ಲ ಅನ್ಸತ್ತೆ."

"ಹಾಗಾದ್ರೆ ಮೊದಲನೇ ಸಲ ಮಾಡಿದವರು ಅಂತ ಫೈಲಲ್ಲಿ ನಿಮ್ಮ ಹೆಸರೇ ಇರತ್ತೆ. ನೆನ್ನೆವರೆಗೂ ಬರ್ಫಿ, ಇವತ್ತಿಂದ ಚಾಕೊಲೇಟ್. ಮುಂದೆ ಏನಾದ್ರೂ ಆಯ್ತು ಅಂತಿಟ್ಕೊಳ್ಳಿ, ದೇವರು ಹಾಗೆ ಮಾಡದಿರಲಿ, ರೂಢಿ ಮುರಿದವರು ಯಾರು ಅಂತ ಹುಡುಕೋ ಕಷ್ಟಾನೇ ಇಲ್ಲ. ಮಾಥುರ್ ಸಾಹೇಬ್ರು!"

ಮಾಥುರ್ ಸಾಹೇಬರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಯಾವುದನ್ನೂ ಮೊದಲನೆಯ ಸಲ ಮಾಡಿದವರಲ್ಲ. ಎರಡನೆಯ ಸಲವೂ ಮಾಡಿದವರಲ್ಲ. ಮೂರು ಜನ ಮಾಡಿ, ಮೂವರೂ ಬಡ್ತಿ ಪಡೆದದ್ದು ಖಚಿತವಾದ ಮೇಲೆ ನಾಲ್ಕನೆಯವರಾಗಿ ಕೈ ಹಾಕುವುದು ಅವರ ಪದ್ಧತಿ.

"ಹಿಂದಿನ ಸಲ ಏನು ಕೊಟ್ಟಿದ್ರಿ?" ಎಂದು ಕೇಳಿದರು, ಗಂಟಲು ಸರಿಮಾಡಿಕೊಂಡು.

"ಖೋವಾ ಬರ್ಫಿ."

"ಅದರ ಹಿಂದಿನ ಸಲ?"

"ಅದೂ ಖೋವಾ ಬರ್ಫೀನೇ ಸಾಹೇಬ್ರೇ. ಹದಿನೆಂಟು ವರ್ಷದ ಫೈಲ್ ತೆಗೀರಿ. ಬರ್ಫಿ ಬಿಟ್ರೆ ಬರ್ಫಿ."

"ಹಾಗಾದ್ರೆ ಬರ್ಫಿಯೇ ಸರಿ," ಎಂದು ಮಾಥುರರು ಫೈಲಿನಲ್ಲಿ ಬರೆದುಕೊಂಡರು. ಅದೇ ಸಂಜೆ ಆ ಕಡೆಗೆ ಸಂದೇಶ ಹೋಯಿತು: ರೂಢಿಯಂತೆ ಖೋವಾ ಬರ್ಫಿ, ಕೈಯಲ್ಲಿ ಮಾಡಿದ್ದು, ಐದು ಡಬ್ಬ. ಆ ಕಡೆಯೂ ಒಬ್ಬ ಮಾಥುರರು ಇದ್ದಿರಬೇಕು. ರೂಢಿ ಎಂಬ ಮಾತು ಕೇಳುತ್ತಲೇ ಅವರು ನೆಮ್ಮದಿಯಿಂದ ಒಪ್ಪಿಕೊಂಡರು. ಚಾಕೊಲೇಟನ್ನು ಬಚಿತ್ತರ್ ಸಿಂಗನ ಮೊಮ್ಮಕ್ಕಳು ತಿಂದರು.

ದೀಪಾವಳಿಯ ದಿನ ಬೆಳಿಗ್ಗೆ ಬಿಳಿಗೆರೆಯ ಆ ಕಡೆ ಅವರ ಅಧಿಕಾರಿ, ಈ ಕಡೆ ನಮ್ಮ ಕಮಾಂಡೆಂಟ್ ಸಾಹೇಬರು. ಇಬ್ಬರೂ ಮನಸ್ಸಿನಲ್ಲೇ ಒಂದು ಎರಡು ಮೂರು ಎಣಿಸಿ ಒಟ್ಟಿಗೆ ಕೈ ಚಾಚಿದರು. ನಮ್ಮವರ ಕೈ ಕೂದಲೆಳೆಯಷ್ಟು ಹಿಂದೆ ಉಳಿಯಿತೆಂದು ನಮ್ಮ ಪತ್ರಿಕೆ ಹೆಮ್ಮೆಯಿಂದ ಬರೆಯಿತು. ಅವರ ಪತ್ರಿಕೆ ಅದೇ ಫೋಟೋ ಹಾಕಿ ಅವರದ್ದೇ ಹಿಂದೆ ಉಳಿಯಿತೆಂದು ಬರೆಯಿತಂತೆ. ಇಬ್ಬರೂ ಮುಗುಳ್ನಕ್ಕರು; ಎಷ್ಟು ಹಲ್ಲು ಕಾಣಿಸಬೇಕೆಂಬುದೂ ಮೊದಲೇ ತೀರ್ಮಾನವಾಗಿತ್ತೋ ಏನೋ.

ಹತ್ತು ಗಂಟೆಯ ಹೊತ್ತಿಗೆ ಒಂದು ಡಬ್ಬ ಲಾಲಾರ ಅಂಗಡಿಗೆ ಬಂತು. ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬಚಿತ್ತರ್ ಸಿಂಗ್ ಗೋಧಿ ಬೀಜದ ಮೂಟೆಯನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡೇ ಬಂದು, ಎಂಜಿನ್ ನಿಲ್ಲಿಸದೆ ಕೂತಿದ್ದ. ಮಾಥುರ್ ಸಾಹೇಬರು ಬೆಂಚಿನ ಮೇಲೆ, ಪ್ರೊಫೆಸರರು ಕೂತಿದ್ದ ಜಾಗದಲ್ಲೇ, ಪೆನ್ನು ಬಿಚ್ಚಿಕೊಂಡು ಕೂತಿದ್ದರು. ರೆಪ್ಪೆಯ ವಿಷಯ ಅವರ ಕಿವಿಗೂ ಬಿದ್ದಿತ್ತು. ನಂಬುವವರಲ್ಲ ಅವರು, ಆದರೂ ವರದಿಯಲ್ಲಿ ಒಂದು ಸಾಲು ಇರಲಿ ಎಂದು.

ಲಾಲಾ ಕೈ ತೊಳೆದು, ಒರೆಸಿಕೊಂಡು, ಡಬ್ಬದ ದಾರ ಬಿಚ್ಚಿದರು. ಮೇಲೆ ಮುಚ್ಚಿದ್ದ ಬೆಳ್ಳಿಬಣ್ಣದ ಕಾಗದ ಸರಿಸಿ ತುಂಡುಗಳನ್ನು ನೋಡಿದರು. ಅವರ ಭುಜ ಇಳಿಯಿತು. ಪಕ್ಕದಲ್ಲಿದ್ದ ತೃಪ್ತಾಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಬಲಗೈ."

ತೃಪ್ತಾ ಅವರ ಬೆನ್ನ ಮೇಲೆ ಕೈಯಿಟ್ಟರು. "ತಿನ್ನಿ ಜೀ. ಬಂದಿರೋದನ್ನ ತಿನ್ನದೇ ಇರಬಾರದು."

ಲಾಲಾ ಕೆನ್ನೆಯ ಲವಂಗವನ್ನು ಉಗಿದರು. ಒಂದು ತುಂಡು ಬಾಯಿಗೆ ಹಾಕಿಕೊಂಡರು. ಟ್ರಾಕ್ಟರ್ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಸಲ ಅಗಿದರು, ನಿಲ್ಲಿಸಿದರು. ನಾಲಿಗೆಯಲ್ಲಿ ಏನನ್ನೋ ಹುಡುಕುವವರ ಹಾಗೆ ಮುಖ ಮಾಡಿದರು. ಮತ್ತೊಂದು ಸಲ ಅಗಿದರು.

ಎಡಗಣ್ಣು ಗಟ್ಟಿಯಾಗಿ ಮುಚ್ಚಿತು.

"ಹೋಯ್ತು! ನನ್ನ ಗೋಧಿ ಹೋಯ್ತು!" ಎಂದು ಬಚಿತ್ತರ್ ಸಿಂಗ್ ಟ್ರಾಕ್ಟರ್ ಎಂಜಿನ್ ಆರಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಆಗಲೇ ಹಿಟ್ಟಿನ ಅಂಗಡಿಯ ಕಡೆ ಓಡಿದರು. ಮಾಥುರ್ ಸಾಹೇಬರ ಪೆನ್ನು ಕಾಗದದ ಮೇಲೆ ನಿಂತಲ್ಲೇ ಒಂದು ದೊಡ್ಡ ಮಸಿಚುಕ್ಕೆ ಮಾಡಿತು.

ಲಾಲಾ ಆ ಗದ್ದಲದ ನಡುವೆ, ಒಂದು ಕಣ್ಣು ಮುಚ್ಚಿಕೊಂಡೇ, ನಗುತ್ತಿದ್ದರು. ತೆರೆದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಇದ್ದಾನೆ ಕಣೇ," ಎಂದರು. "ಇದ್ದಾನೆ!"

"ಯಾರಿದ್ದಾರೆ? ಎಲ್ಲಿದ್ದಾರೆ?" ಮಾಥುರ್ ಸಾಹೇಬರು ಎದ್ದೇ ನಿಂತರು. ಗಡಿಯಲ್ಲಿ ಯಾರಾದರೂ ಇರುವುದು ಅವರ ಇಲಾಖೆಗೆ ಒಳ್ಳೆಯ ಸುದ್ದಿಯಲ್ಲ.

"ಎಡಚ ಮಿಯಾ ಸಾಹೇಬ್ರೇ. ಆ ಕಡೆ ಬರ್ಫಿ ಮಾಡೋನು. ಕತ್ತರಿಸಿರೋದು ಅವನಲ್ಲ, ಮಗನೋ ಅಳಿಯನೋ, ಬಲಗೈಯವನು. ಬಾಣಲೆ ತಿರುವಿರೋದೂ ಅವನೇ ಇರ್ಬೇಕು. ಆದ್ರೆ ಹರಳು ನೋಡಿ, ರವೆ ಹಾಗೆ! ಹುಳಿ ಬೀಳೋ ಗಳಿಗೆ ಆ ಹೈದನಿಗೆ ಗೊತ್ತಿಲ್ಲ, ಹೋದ ಸಲ ನೋಡಿದೀವಲ್ಲ. 'ಈಗ ಹಾಕೋ ಕತ್ತೆ' ಅಂತ ಹೇಳೋಕೆ ಪಕ್ಕದ ಮಂಚದ ಮೇಲೆ ಒಬ್ಬ ಕೂತಿದ್ದಾನೆ. ಕೈಲಾಗದೇ ಇರ್ಬಹುದು. ಬಾಯಿ ಗಟ್ಟಿ ಇದೆ."

"ಅಂತೂ ಬೈಯ್ತಾ ಕೂತಿದ್ದಾರೆ," ಎಂದರು ತೃಪ್ತಾ, ಸೆರಗಿನಿಂದ ಗಂಡನ ಕೆನ್ನೆ ಒರೆಸುತ್ತ. "ಹಾಗಾದ್ರೆ ಏನೂ ಆಗಿಲ್ಲ ಬಿಡಿ."

ಮಾಥುರ್ ಸಾಹೇಬರಿಗೆ ಇದಾವುದೂ ವರದಿಗೆ ಬರುವ ಮಾತಾಗಿ ಕಾಣಲಿಲ್ಲ. ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ಅದೆಲ್ಲ ಸರಿ ಲಾಲಾಜಿ. ಆದ್ರೆ ನೀವು ಎಡಗಣ್ಣು ಮುಚ್ಚಿದ್ರಿ. ಎಲ್ಲರೂ ನೋಡಿದ್ದಾರೆ. ದೆಹಲಿಗೆ ನಾನು ಏನಂತ ಬರೀಲಿ? ಸಂಬಂಧ ಸುಧಾರಿಸತ್ತೋ, ಕೆಡತ್ತೋ? ಇಷ್ಟು ವರ್ಷದಿಂದ ನಿಮ್ಮ ಕಣ್ಣು ಹೇಳ್ತಾ ಬಂದಿರೋದಾದ್ರೂ ಏನು?"

ಊರು ಮತ್ತೆ ಉಸಿರು ಹಿಡಿಯಿತು. ಲಾಲಾ ದವಡೆಯನ್ನು ಅಂಗೈಯಿಂದ ಒತ್ತಿಕೊಂಡು, ಕಟ್ಟೆಯ ಮೇಲಿನ ಡಬ್ಬಿಯಿಂದ ಹೊಸ ಲವಂಗವೊಂದನ್ನು ತೆಗೆದರು.

"ಹಲ್ಲು ನೋವು ಸಾಹೇಬ್ರೇ. ಎರಡೂ ಕಡೆ ದವಡೆ ಹುಳುಕು. ಯಾವ ಕಡೆ ಅಗಿದ್ರೆ ಆ ಕಡೆ ಕಣ್ಣು ಮುಚ್ಕೊಳ್ಳತ್ತೆ. ಕೀಳಿಸಿದ್ರೆ ಒಂದು ತಿಂಗಳು ಬಾಯಿಗೆ ರುಚಿ ತಿಳಿಯಲ್ಲ ಅಂದಿದ್ರು ಡಾಕ್ಟ್ರು, ಅಷ್ಟರಲ್ಲಿ ಡಬ್ಬ ಬಂದ್ಬಿಟ್ರೆ ಅಂತ ಹಾಗೇ ಇಟ್ಕೊಂಡಿದ್ದೆ. ನಾಳೆ ಅಮೃತಸರಕ್ಕೆ ಹೋಗಿ ಕೀಳಿಸ್ಕೊಂಡು ಬರ್ತೀನಿ."